ಮಂಚದಗಲದ ಪಾತಿ

ಅಕ್ಟೋಬರ್ ೯, ಗುರುವಾರ

ಹಿತ್ತಲಲ್ಲಿರುವುದು ಮಂಚದಗಲದ ಒಂದೇ ಪಾತಿ. ಚಳಿ ಶುರುವಾಗುವ ಮುಂಚೆ ಅದರಲ್ಲಿ ಏನು ಹಾಕುವುದೆಂದು ವಾರದಿಂದ ಮನೆಯಲ್ಲಿ ಜಗಳ. ನನಗೆ ಹೂಕೋಸು, ಇವರಿಗೆ ಕ್ಯಾರೆಟ್, ಅತ್ತೆಗೆ ಪಾಲಕ್.

ಬೆಳಿಗ್ಗೆ ನಾನು ಹೂಕೋಸಿನ ಸಸಿ ಹಿಡಿದು ಹೊರಟಿದ್ದು ಕಂಡು ಅತ್ತೆ ಮುಖ ಊದಿಸಿಕೊಂಡರು. "ಬಿಡಮ್ಮ, ಈ ಮನೇಲಿ ನನ್ನ ಮಾತಿಗೆ ಯಾರು ಸೊಪ್ಪು ಹಾಕ್ತಾರೆ?"

ತಾವೇನಂದೆವೆಂದು ಅವರಿಗೇ ಹೊಳೆದಿರಲಿಲ್ಲ. ನಾನು ನಗು ನುಂಗಿಕೊಂಡು ಹೋಗಿ, ಸಸಿಗಳನ್ನು ಪಕ್ಕದ ಮನೆಯಾಕೆಗೆ ದಾಟಿಸಿ, ಪಾತಿಯ ತುಂಬ ಪಾಲಕ್ ಬೀಜ ಚೆಲ್ಲಿ ಬಂದೆ.

"ಅತ್ತೆ, ನಿಮ್ಮ ಮಾತಿಗೆ ಸೊಪ್ಪು ಹಾಕಿದೀನಿ, ಹೋಗಿ ನೋಡಿ."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೂಕೋಸು ಹೋದದ್ದೇ ಮರೆತುಹೋಯಿತು ನನಗೆ.

ಇವರು ಮಾತ್ರ ಊಟ ಮುಗಿಸಿ ಕೈ ತೊಳೆಯುತ್ತ ಕೇಳಿದರು: "ನನ್ನ ಮಾತಿಗೆ ಯಾರೂ ಕ್ಯಾರೆಟ್ ಹಾಕಲ್ವಾ?"