ಅರವತ್ತು ಕೆಜಿಯ ತಂಗಿಗೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಂಡುಪಿನ್ನಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶುರುಮಾಡಿದಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು, ಹರಿದು ಎಸೆಯುತ್ತಿದ್ದೆ. ಫೋನಿನಲ್ಲಿ ಬೈಯೋಣವೆಂದರೆ ನೀನು ಏನಾದರೊಂದು ಹೇಳಿ ನಗಿಸಿ ಮಾತು ಮರೆಸುತ್ತೀಯ. ಹಾಸ್ಟೆಲಿನ ಮಂಚದ ಮೇಲೆ ಕೂತು ಇದನ್ನು ಪೂರ್ತಿ ಓದು.

ಅಮ್ಮ ಆರಾಮಾಗಿದ್ದಾಳೆ. ಲಾಂಡ್ರಿಗೆ ಬಂದವರಿಗೆಲ್ಲ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ನಿನ್ನ ಹೊಸ ಫೋಟೋ ತೋರಿಸುತ್ತಾಳೆ. "ನೋಡಿ, ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದಾಳೆ" ಅನ್ನುತ್ತಾಳೆ. ಚಿಕ್ಕಂದಿನಿಂದ ನಿನ್ನ ಬಾಯಿಗೆ ತುರುಕಿ ತುರುಕಿ ಸೋತವಳು, ನೀನು ಆರು ಕೆಜಿ ಏರಿದ್ದು ತನ್ನದೇ ಗೆಲುವು ಎಂದುಕೊಂಡಿದ್ದಾಳೆ. ನಿನ್ನ ಹೋದ ತಿಂಗಳ ಬಾಕ್ಸಿಂಗ್ ಪಂದ್ಯದ ವಿಡಿಯೊ ಅವಳಿಗೆ ತೋರಿಸಿಲ್ಲ.

ನಾನು ನೋಡಿದೆ. ಎರಡನೇ ಸುತ್ತಿನಲ್ಲಿ ನಿನ್ನ ಬಲಗೈ ಏಟು ಎದುರಾಳಿಯ ದವಡೆಗೆ ಸರಿಯಾಗಿಯೇ ಬಿತ್ತು. ನಿನ್ನ ಹಳೆಯ ಐವತ್ತನಾಲ್ಕು ಕೆಜಿ ವಿಭಾಗದಲ್ಲಿ ಆ ಏಟು ತಿಂದವರ ಮೊಣಕಾಲು ಕುಸಿಯುತ್ತಿತ್ತು, ರೆಫರಿ ಓಡಿ ಬಂದು ಎಣಿಸಬೇಕಾಗುತ್ತಿತ್ತು. ಇವಳು ನೊಣ ಕೂತವಳಂತೆ ತಲೆ ಕೊಡವಿ ಮುಂದೆ ಬಂದಳು. ಆಮೇಲೆ ಅವಳು ಹೊಡೆದದ್ದು ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಅವತ್ತು ಊಟ ಸೇರಲಿಲ್ಲ.

ತೂಕ ಏರಿದರೆ ಏಟೂ ಏರುತ್ತದೆ ಎಂದು ನಿನ್ನ ತಲೆಗೆ ತುಂಬಿದವರು ಯಾರು? ಸೊಂಟಕ್ಕೆ, ತೊಡೆಗೆ ಸೇರಿಸಿಕೊಂಡದ್ದು ಮುಷ್ಟಿಯವರೆಗೆ ಬರಲೇ ಇಲ್ಲ. ನಿನ್ನ ಏಟಿನ ಜೀವ ಇದ್ದದ್ದು ಹಿಂದಿನ ಕಾಲು ತಿರುಗುವ ವೇಗದಲ್ಲಿ. ಕಳೆದ ರಜೆಯಲ್ಲಿ ನಿನ್ನ ಏಟಿಗೆ ಪ್ಯಾಡ್ ಹಿಡಿದವಳು ನಾನೇ ತಾನೆ? ಏಟಿನಲ್ಲಿ ಭಾರವೇನೋ ಇದೆ, ಆದರೆ ಬರುವುದು ತಡ ಎಂದು ಅಂಗೈಗೆ ಗೊತ್ತಾಯಿತು. "ಕಾಲು ತಿರುಗ್ತಿಲ್ಲ ಕಣೇ" ಎಂದರೆ, "ಹೊಸ ಶೂ ಅಕ್ಕ" ಎಂದು ಜಾರಿಕೊಂಡೆ. ಆ ಅರವತ್ತು ಕೆಜಿಯ ಹುಡುಗಿಯರ ಕತ್ತು ನೋಡಿದ್ದೀಯಾ? ಅವರು ಬೆವರು ಹರಿಸಿ ಅರವತ್ತಕ್ಕೆ ಇಳಿಯುತ್ತಾರೆ. ನೀನು ಬಾಳೆಹಣ್ಣು ನುಂಗಿ, ನೀರು ಕುಡಿದು ಅರವತ್ತು ಮುಟ್ಟುತ್ತೀಯ.

ಈ ಸಿಟ್ಟಿನಲ್ಲೇ ಕ್ಲಬ್ಬಿಗೆ ಹೋಗಿ ಮಾಸ್ತರನ್ನು ತರಾಟೆಗೆ ತೆಗೆದುಕೊಂಡೆ. ನಮ್ಮಿಬ್ಬರಿಗೂ ಬಾಕ್ಸಿಂಗ್ ಕಲಿಸಿದ ಗುರು ಎಂಬುದನ್ನೂ ನೋಡಲಿಲ್ಲ. ಅವರು ಹರಿದ ಪಂಚಿಂಗ್ ಬ್ಯಾಗಿಗೆ ಹೊಲಿಗೆ ಹಾಕುತ್ತಾ ಕೂತಿದ್ದರು.

"ಅವಳನ್ನ ಮೇಲಿನ ತೂಕಕ್ಕೆ ಯಾಕೆ ತಳ್ಳಿದ್ರಿ? ಎತ್ತಿ ಹಾಕೋಕೆ ಅವಳೇನು ಸಿಮೆಂಟ್ ಮೂಟೆನಾ?"

"ನಾನು ತಳ್ಳಿಲ್ಲಮ್ಮ, ಅವಳೇ ಬಂದು ಕೇಳಿದ್ಲು" ಎಂದರು. "ಕ್ಲಬ್ಬಿಂದ ರಾಜ್ಯ ಮಟ್ಟಕ್ಕೆ ಒಂದು ತೂಕಕ್ಕೆ ಒಬ್ರನ್ನೇ ಕಳ್ಸೋದು. ಹೋದ ವರ್ಷ ಆಯ್ಕೆಗೆ ಐವತ್ತನಾಲ್ಕರಲ್ಲಿ ನಿಮ್ಮಿಬ್ರನ್ನೇ ಎದುರುಬದುರು ಆಡಿಸ್ಬೇಕಾಗಿತ್ತು. ಅಕ್ಕಂಗೆ ವಯಸ್ಸಾಗ್ತಾ ಬಂತು, ಅವಳೇ ಹೋಗ್ಲಿ ಅಂದ್ಲು. ನಿಂಗೆ ಹೇಳ್ಬಾರ್ದು ಅಂತ ಆಣೆ ಬೇರೆ ಹಾಕಿಸ್ಕೊಂಡ್ಲು."

"ಮತ್ತೆ ಈಗ ಯಾಕೆ ಹೇಳಿದ್ರಿ?"

"ಆ ವಿಡಿಯೊ ನಾನೂ ನೋಡ್ದೆ" ಎಂದು ಸೂಜಿಗೆ ದಾರ ಪೋಣಿಸತೊಡಗಿದರು.

ಹಾಗಾದರೆ ನಾನು ವರ್ಷವೆಲ್ಲ ಹೆಮ್ಮೆಯಿಂದ ತೊಟ್ಟು ತಿರುಗಿದ ತಂಡದ ಜಾಕೆಟ್ಟು ನೀನು ಬಿಟ್ಟುಕೊಟ್ಟದ್ದು. ಅಲ್ಲಿ ಹೋಗಿ ಮೊದಲ ಪಂದ್ಯದಲ್ಲೇ ಸೋತು ಬಂದದ್ದು ಬೇರೆ ಮಾತು. ಯಾರೇ ನಿನ್ನನ್ನು ಕೇಳಿದವರು? ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟಂತೆ ಎದ್ದು ನಿಂತೆಯಲ್ಲ, ನಾನೇನು ನಿಲ್ಲಲಾರದೆ ಒದ್ದಾಡುತ್ತಿದ್ದೆನಾ? ಅಮ್ಮನಿಗೆ ಹೇಳಿದರೆ, "ಎಂಥಾ ತಂಗಿ ಕಣೇ, ಪುಣ್ಯ ಮಾಡಿದ್ದೆ ನೀನು" ಎಂದು ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಜಾಕೆಟ್ಟನ್ನು ಮಾಸ್ತರ ಬೆಂಚಿನ ಮೇಲಿಟ್ಟು ಬಂದಿದ್ದೇನೆ.

ಈ ವರ್ಷದ ಆಯ್ಕೆಗೆ ಇನ್ನೂ ನಾಲ್ಕು ತಿಂಗಳಿದೆ. ಉಪವಾಸ ಬಿದ್ದು ಕಾಯಿಲೆ ತಂದುಕೊಳ್ಳಬೇಡ, ನಿಧಾನವಾಗಿ ತೂಕ ಇಳಿಸಿಕೊಂಡು ಬಾ. ಐವತ್ತನಾಲ್ಕರಲ್ಲಿ ನಾವಿಬ್ಬರೂ ಎದುರುಬದುರು ಆಡುತ್ತೇವೆ ಎಂದು ಮಾಸ್ತರಿಗೆ ಹೇಳಿಯಾಗಿದೆ. ಅಲ್ಲಿಯವರೆಗೆ ಆ ದಪ್ಪ ಕತ್ತಿನವರ ಎದುರು ಒಂದು ಪಂದ್ಯವನ್ನೂ ಒಪ್ಪಿಕೊಳ್ಳಬೇಡ, ನನ್ನಾಣೆ.

ದೇವರು ನಿನಗೆ ಗಟ್ಟಿ ದವಡೆ, ಒಳ್ಳೆ ನಿದ್ದೆ, ಸ್ವಲ್ಪ ಬುದ್ಧಿ ಕೊಡಲಿ.

ಇಂತಿ ನಿನ್ನ,
ಅಕ್ಕ

ಮರೆತಿದ್ದೆ: ಪ್ರೀತಿಯಿಂದಲೇ ಬಿಟ್ಟೆ, ನಂಬುತ್ತೇನೆ. ಆದರೆ ಗೆಲ್ಲುವವಳು ತಾನೆ ಬಿಟ್ಟುಕೊಡುವುದು? ರಿಂಗಿಗೆ ಇಳಿದರೆ ಸೋಲುವವಳು ನಾನೇ ಎಂದು ನಿನಗೆ ಖಾತ್ರಿಯಿತ್ತು. ಮಾಸ್ತರಿಗೂ ಇತ್ತು, ಅದಕ್ಕೇ ಮರುಮಾತಾಡದೆ ಒಪ್ಪಿದರು. ಇಷ್ಟು ವರ್ಷ ನಿನ್ನ ಏಟು ಹಿಡಿದವಳಿಗೆ ಅದು ಗೊತ್ತಿರಲಿಲ್ಲ ಎಂದುಕೊಂಡೆಯಾ? ಗೊತ್ತಿದ್ದೇ ನಿನ್ನೆದುರು ನಿಲ್ಲಲು ತಯಾರಾಗಿದ್ದೆ ಕಣೇ. ಆ ಸೋಲಾದರೂ ನನ್ನದಾಗಿರುತ್ತಿತ್ತು.