ಪೆಂಬರಿಯವರ ಮನೆಗೆ ಯಾರೂ ಹೋಗಬೇಡಿ

ಬೆಟಗೇರಿ,
ಫೆಬ್ರುವರಿ ೩೦, ೨೧೮೭

ಹಿಂದಿನ ಕಾಲದ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮೇ ತಿಂಗಳ ಬಿಸಿಲು ತಡೆಯಲಾರದೆ ಅದರ ಎರಡು ದಿನ ಕಿತ್ತು ಫೆಬ್ರುವರಿಗೆ ಕೊಟ್ಟಿದ್ದಾರೆ. ಬಿಸಿಲೇನೂ ಕಡಿಮೆಯಾಗಲಿಲ್ಲ, ಕ್ಯಾಲೆಂಡರಿಗೆ ಸಮಾಧಾನವಾಯಿತು. ನಿಮ್ಮ ಕಾಲದಲ್ಲಿಲ್ಲದ ಒಂದೆರಡು ಪದಗಳನ್ನು ಬಳಸಬೇಕಾಗಿದೆ, ಅದಕ್ಕೂ ಕ್ಷಮೆಯಿರಲಿ. ಈ ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ. ಅಂಚೆಯವರನ್ನು ವಿಚಾರಿಸಿದೆ, ಸ್ಟಾಂಪು ಹಚ್ಚಿ ಅಂದರು, ಹಚ್ಚಿದೆ.

ನಾನು ಶಿವಗಂಗಾ ಮುಳಗುಂದ. ವಯಸ್ಸು ಅರವತ್ತೊಂದು. ಬೆಟಗೇರಿಯ ಚಿತ್ರಮನೆಯನ್ನು, ಅಂದರೆ ಹಳೆಯ ಸಿನಿಮಾಗಳನ್ನು ಕಾಪಾಡುವ ಮನೆಯನ್ನು, ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಇಲ್ಲಿರುವ ನಾಲ್ಕು ಸಾವಿರ ಸಿನಿಮಾಗಳಲ್ಲಿ ನನ್ನ ಜೀವಕ್ಕೆ ಹತ್ತಿರದ್ದು ಒಂದೇ, ‘ಪೆಂಬರಿಯವರ ಭಾನುವಾರ’. ಇನ್ನೂರ ಮೂವತ್ತು ವರ್ಷ ಹಿಂದಿನ ಬ್ರಿಟಿಷ್ ಸಿನಿಮಾ, ಕಪ್ಪು-ಬಿಳುಪು. ಟ್ರಾಮಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದ ಪೆಂಬರಿ ಎಂಬ ಮುದುಕರು, ಹೆಂಡತಿ ತೀರಿಕೊಂಡ ಮೇಲೆ, ಮಿಲ್ಲುಗಳ ಊರೊಂದರ ಬಾಡಿಗೆ ಕೋಣೆಯಲ್ಲಿರುತ್ತಾರೆ. ಎಪ್ಪತ್ತೆಂಟು ತುಂಬಿದ ದಿನ ನಾಲ್ಕು ಜನರನ್ನು ಚಹಾಕ್ಕೆ ಕರೆಯುತ್ತಾರೆ. ಐದು ಕಪ್ಪು, ಐದು ಬಸಿ ಜೋಡಿಸಿ ಕಾಯುತ್ತಾರೆ. ಯಾರೂ ಬರುವುದಿಲ್ಲ. ಸಂಜೆಗೆ ಅವರು ಯಾರೂ ಮುಟ್ಟದ ಆ ಕಪ್ಪುಗಳನ್ನೆಲ್ಲ ತೊಳೆದು, ಒರೆಸಿ, ಕಪಾಟಿನಲ್ಲಿಡುತ್ತಾರೆ. ಸಿನಿಮಾ ಮುಗಿಯಿತು.

ಇಷ್ಟೇನಾ ಎಂದು ನೀವು ಕೇಳಬಹುದು. ಇಷ್ಟೇ, ಆದರೆ ಆ ಮನುಷ್ಯನನ್ನು ನೀವು ನೋಡಬೇಕು. ಹಾಲಿನ ಬಾಟಲಿ ಎತ್ತಿಕೊಳ್ಳಲು ಬಾಗಿಲು ತೆರೆಯುವ ಮುಂಚೆ ಟೈ ಸರಿಮಾಡಿಕೊಳ್ಳುತ್ತಾರೆ, ಹಾಲಿನವನು ಹೋಗಿ ಒಂದು ತಾಸಾಗಿದ್ದರೂ. ಬಸ್ಸಿನಲ್ಲಿ ಕಂಡಕ್ಟರ್ ಹುಡುಗಿ ಟಿಕೇಟು ಕೊಟ್ಟರೆ, ಹಳೆಯ ಕಸಬಿನ ಅಭ್ಯಾಸದಿಂದ ಅದನ್ನು ತಿರುಗಿಸಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸುತ್ತಾರೆ. ಅಗಲವಾದ ಕಿವಿ, ತುಸು ಜಂಬ, ಬಹಳ ಮರ್ಯಾದೆ. ಅವರು ಅಳುವಾಗ ಕ್ಯಾಮೆರಾ ಹೊಸ್ತಿಲಲ್ಲೇ ನಿಂತುಬಿಡುತ್ತದೆ, ಒಳಗೆ ಹೋಗುವುದಿಲ್ಲ. ಆ ಸಿನಿಮಾ ತೆಗೆದವರು ದೊಡ್ಡವರು ಅಂತ ನನಗನಿಸಿದ್ದು ಅಲ್ಲಿಯೇ.

ನಾವು ಮಾತ್ರ ಒಳಗೆ ಹೋಗಿಬಿಟ್ಟೆವು. ಇದನ್ನು ತಿಳಿಯಲು ನಮ್ಮ ಎರಡು ಪದ್ಧತಿಗಳು ನಿಮಗೆ ಗೊತ್ತಿರಬೇಕು. ಮೊದಲನೆಯದು ಜೊತೆಪಾಳಿ. ಎಪ್ಪತ್ತು ದಾಟಿದ ಯಾರನ್ನೂ ನಮ್ಮ ಓಣಿಗಳಲ್ಲಿ ಒಂಟಿಯಾಗಿ ಬಿಡುವುದಿಲ್ಲ. ನೆರೆಯವರು ಪಾಳಿಯ ಮೇಲೆ ಬಂದು ಜೊತೆಗಿರುತ್ತಾರೆ, ಊಟಕ್ಕೆ, ಮಾತಿಗೆ, ನಿದ್ದೆಗೂ. ಎಪ್ಪತ್ತಾಗದವರೂ ತಾವು ಒಂಟಿ ಎಂದು ಬಾಯಿಬಿಟ್ಟರೆ ಮರುದಿನದಿಂದಲೇ ಪಾಳಿ ಶುರು. ಎರಡನೆಯದು ಹೊಕ್ಕುನೋಟ. ಸಿನಿಮಾವನ್ನು ಹೊರಗೆ ಕುಳಿತು ನೋಡದೆ ಅದರೊಳಕ್ಕೇ ಹೊಕ್ಕು ನೋಡುವುದು. ನೀವು ಒಳಗೆ ಆಡಿದ್ದು, ಮಾಡಿದ್ದು ಸಿನಿಮಾದ ಆ ಪ್ರತಿಯಲ್ಲಿ ಕಾಯಂ ಉಳಿದುಬಿಡುತ್ತದೆ. ಪಾಳಿಯಲ್ಲಿ ಬೆಳೆದ ಜನಕ್ಕೆ, ಒಬ್ಬ ಮುದುಕ ಐದು ಕಪ್ಪು ಇಟ್ಟುಕೊಂಡು ಕೂತದ್ದನ್ನು ನೋಡುತ್ತಾ ಸುಮ್ಮನಿರಲು ಹೇಗೆ ಸಾಧ್ಯ? ಮೊದಲು ಒಳಹೊಕ್ಕವಳು ನಾನೇ. ಎದುರಿನ ಕುರ್ಚಿಯಲ್ಲಿ ಕೂತು ಒಂದು ಕಪ್ಪು ಚಹಾ ಕುಡಿದು ಬಂದೆ. ಪುಣ್ಯದ ಕೆಲಸ ಮಾಡಿದೆ ಎಂದು ವಾರಗಟ್ಟಲೆ ಬೀಗಿದೆ.

ನನ್ನನ್ನು ನೋಡಿ ಉಳಿದವರು ಹೊರಟರು. ಈಗ ಆ ಪ್ರತಿಯಲ್ಲಿ ನಾನೂರ ಹನ್ನೆರಡು ಜನ ಬೆಟಗೇರಿಯವರಿದ್ದಾರೆ. ಯಾರೋ ಜೋಳದ ರೊಟ್ಟಿ, ಎಣ್ಣೆಗಾಯಿ ಒಯ್ದಿದ್ದಾರೆ, ಪೆಂಬರಿ ಅದನ್ನು ಚಾಕು-ಮುಳ್ಳುಚಮಚದಿಂದ ತಿನ್ನುತ್ತಾರೆ. ಕಿಟಕಿಯ ಹತ್ತಿರ ಒಂದು ಕೂಸಿನ ತೊಟ್ಟಿಲ ಶಾಸ್ತ್ರ ನಡೆದಿದೆ. ಒಬ್ಬಾಕೆ ಅವರ ಕೋಟಿನ ಗುಂಡಿ ಹೊಲಿಯುತ್ತ ಸೊಸೆಯ ಮೇಲೆ ಚಾಡಿ ಹೇಳುತ್ತಾಳೆ. ಪಾಪ, ಮುದುಕರಿಗೆ ಒಂದಕ್ಷರ ತಿಳಿಯದಿದ್ದರೂ ಎಲ್ಲರಿಗೂ ಬಹಳ ಉಪಕಾರವಾಯಿತು ಎನ್ನುತ್ತಾರೆ. ನೋಡಿದರೆ ನಗು ಬರುತ್ತದೆ. ನನ್ನ ಓಣಿಯ ಜನರ ಮೇಲೆ ಪ್ರೀತಿ ಉಕ್ಕುತ್ತದೆ. ಆದರೆ ಸಿನಿಮಾ ಮಾತ್ರ ಅಲ್ಲಿಲ್ಲ.

ಯಾರೂ ಹೊಗದ ಪ್ರತಿ ಉಳಿದದ್ದು ಒಂದೇ, ಜಗತ್ತಿನಲ್ಲೇ ಒಂದೇ, ನನ್ನ ಕಪಾಟಿನಲ್ಲಿ. ಕಳೆದ ತಿಂಗಳು ಓಣಿಸಭೆಯವರು ಅದನ್ನೂ ತೆರೆಯಬೇಕೆಂದರು. ಆ ಪ್ರತಿಯೊಳಗೆ ಪೆಂಬರಿ ಇನ್ನೂ ಒಂಟಿಯಾಗಿಯೇ ಇದ್ದಾರಲ್ಲ, ಅದು ನಮಗೆ ಶೋಭೆಯಲ್ಲ ಎಂಬುದು ಅವರ ವಾದ. ಯಾರೂ ಹೊಗದ ಪ್ರತಿಯನ್ನು ಹಾಗೇ ಇಡಬೇಕಾದರೆ, ಯಾರಾದರೂ ಒಬ್ಬರು ಸಭೆಯಲ್ಲಿ ಎದ್ದು ನಿಂತು ಅದು ತಮಗೆ ಏಕೆ ಬೇಕೆಂದು ಹೇಳಬೇಕು. ಕಲೆ, ಚರಿತ್ರೆ ಎಂದೆಲ್ಲ ಹೇಳಿ ನೋಡಿದೆ. ಅವು ಕಾರಣಗಳೇ ಅಲ್ಲ, ಒಬ್ಬ ಮನುಷ್ಯನ ಅಗತ್ಯ ಹೇಳಿ ಅಂದರು.

ತೀರ್ಮಾನದ ಸಭೆಗೆ ಎರಡು ದಿನವಿರುವಾಗ ಗುದ್ನೆಪ್ಪ ಕಾಕಾ ಬಂದರು. ನಮ್ಮ ಓಣಿಗೇ ಹಿರಿಯರು, ನೂರಾನಾಲ್ಕು ವರ್ಷ. ಹೆಂಡತಿ ತೀರಿ ಇಪ್ಪತ್ತೆರಡು ವರ್ಷವಾಯಿತು, ಅಂದಿನಿಂದ ಒಂದು ಗಳಿಗೆಯೂ ಅವರನ್ನು ಯಾರೂ ಒಂಟಿಯಾಗಿ ಬಿಟ್ಟಿಲ್ಲ. ಯಾರೂ ಹೊಗದ ಪ್ರತಿಯನ್ನು, ಒಳಗೆ ಹೋಗದೆ, ಬಾಗಿಲು ಹಾಕಿಕೊಂಡು ಒಬ್ಬನೇ ನೋಡುತ್ತೇನೆ ಅಂದರು. ಇದು ಪಾಳಿಯ ನಿಯಮಕ್ಕೆ ವಿರುದ್ಧ. ಅವರ ಅಂದಿನ ಪಾಳಿಯ ರೇಣವ್ವನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ಅವಳ ಮೊಣಕಾಲು ನೋವಿನ ಕಥೆಯನ್ನು ಒಂದೂವರೆ ತಾಸು ಕೇಳಿದೆ. ಬಾಗಿಲು ತೆರೆದಾಗ ಕಾಕಾ ಅತ್ತ ಕಣ್ಣು ಒರೆಸಿಕೊಂಡಿರಲಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು:

“ಯವ್ವಾ, ಇಷ್ಟ ಮಂದಿ ನಡುವ ಕುಂತ್ರೂ ನನಗ ಹಿಂಗ ಅನಸ್ತೈತಿ. ಯಾರ ಮುಂದ ಹೇಳಿದ್ರೂ ಇನ್ನೊಂದ ಪಾಳಿ ಹಾಕ್ತಾರ. ಈ ಒಬ್ಬ ಮನಶ್ಯಾಗ ಗೊತ್ತೈತಿ. ಅವನ ಮನಿಗೆ ಮಂದಿ ಕಳಸಬ್ಯಾಡ್ರಿ.”

ಇಪ್ಪತ್ತೆರಡು ವರ್ಷ ಅವರ ಪಾಳಿಗೆ ನಾನೂ ಹೋಗಿದ್ದೇನೆ. ಎಷ್ಟು ಹಾಡು ಹೇಳಿದ್ದೇನೆ, ಎಷ್ಟು ಹರಟಿದ್ದೇನೆ! ಒಂದು ಸಲವೂ ಸುಮ್ಮನೆ ಅವರ ಮುಖ ನೋಡಿರಲಿಲ್ಲ.

ಸಭೆಯಲ್ಲಿ ಅವರು ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಎದ್ದು ಕಾರಣ ಹೇಳಿದರೆ ರೇಣವ್ವನಿಗೆ, ಅಷ್ಟು ವರ್ಷ ರೊಟ್ಟಿ ಬಡಿದು ಹಾಕಿದವರಿಗೆಲ್ಲ, ನಿಮ್ಮ ಪ್ರೀತಿ ಸಾಲಲಿಲ್ಲ ಎಂದಂತೆ. ಅವರ ಗುಟ್ಟು ಬಿಚ್ಚಲು ನಾನು ಯಾರು? ಅಧ್ಯಕ್ಷರು ಮೂರನೇ ಸಲ ಕೇಳಿದಾಗ ನಾನೇ ಎದ್ದೆ. ಪ್ರತಿ ನನಗೆ ಬೇಕು, ಏಕೆಂದರೆ ನಾನು ಒಂಟಿ, ನನ್ನಂಥವರೊಬ್ಬರನ್ನು ಆಗಾಗ ನೋಡಬೇಕು ಎಂದೆ. ಒಳ್ಳೆಯ ಕೆಲಸಕ್ಕೊಂದು ಸುಳ್ಳು ಎಂದುಕೊಂಡು ಬಾಯಿ ತೆರೆದಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ತಿಳಿಯಿತು, ಪೂರ್ತಿ ಸುಳ್ಳಾಗಿರಲಿಲ್ಲ ಅದು.

ಪ್ರತಿ ಉಳಿಯಿತು. ನನ್ನ ಹೆಸರು ಪಾಳಿಪುಸ್ತಕ ಸೇರಿತು. ಓಣಿಯವರು ನನ್ನನ್ನು ತಬ್ಬಿಕೊಂಡು ಅತ್ತರು, ನಮಗೆ ಗೊತ್ತೇ ಆಗಲಿಲ್ಲವಲ್ಲ ತಂಗಿ ಎಂದರು. ನಾಳೆ ಬೆಳಿಗ್ಗೆ ಎಂಟಕ್ಕೆ ಮೊದಲ ಪಾಳಿ, ಆಮೇಲೆ ಸಾಯುವ ತನಕ ಜೊತೆಗೊಬ್ಬರು ಇದ್ದೇ ಇರುತ್ತಾರೆ. ಆದ್ದರಿಂದ ಒಬ್ಬಳೇ ಕೂತು ಬರೆಯುವ ನನ್ನ ಕೊನೆಯ ಪತ್ರ ಇದು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಕಾಲದಲ್ಲಿ ಯಾರೂ ಬಾರದ ಮನೆಗಳಿದ್ದವಂತೆ, ಅದನ್ನು ನೆನೆದರೆ ನಮ್ಮವರ ಕಾಲಿಗೆ ಬೀಳಬೇಕೆನಿಸುತ್ತದೆ.

ನಿಮ್ಮಲ್ಲಿ ಒಂದು ಕೇಳಿಕೆ. ಇಂಥ ಸಿನಿಮಾಗಳು ನಿಮ್ಮ ಕಾಲದಲ್ಲಿ ಇನ್ನೂ ಯಾರೂ ಹೊಗದೆ ಇವೆ. ದುಃಖದ್ದು, ನಿಧಾನದ್ದು ಎಂದು ನಡುವೆ ಎದ್ದು ಹೋಗಬೇಡಿ. ಕೊನೆಯವರೆಗೆ ನೋಡಿ, ಒಂದೆರಡು ಪ್ರತಿ ಜೋಪಾನವಾಗಿ ಮುಂದಕ್ಕೆ ಕಳಿಸಿ. ಇಲ್ಲಿ ಅವುಗಳಿಗಾಗಿ ಕಾಯುತ್ತಿರುವವರು ಇದ್ದಾರೆ, ಅವರು ಬಾಯಿಬಿಟ್ಟು ಹೇಳಲಾರರು.

ಇಷ್ಟು ಬರೆಯುತ್ತಿರುವಾಗ ರೇಣವ್ವ ಬಂದು ನಾಳೆ ಯಾರು ಬರುತ್ತಾರೆಂದು ಹೇಳಿ ನಗುತ್ತಾ ಹೋದಳು. ನೂರಾನಾಲ್ಕರ ಗುದ್ನೆಪ್ಪ ಕಾಕಾ ಕೋಲೂರಿಕೊಂಡು ತಾವೇ ಸಭೆಯ ಮನೆಗೆ ನಡೆದು ಹೋದರಂತೆ. ನಿಮಗೇ ಪಾಳಿ ಇದೆ, ನೀವೆಲ್ಲಿ ಬೇರೆಯವರ ಪಾಳಿಗೆ ಹೋಗುತ್ತೀರಿ ಎಂದು ಪಾಳಿಪುಸ್ತಕ ಬರೆಯುವವನು ಚೇಷ್ಟೆ ಮಾಡಿದನಂತೆ. ಅದಕ್ಕೆ ಕಾಕಾ ಹೇಳಿದ್ದು ಇಷ್ಟೇ:

“ಮೊದಲನೇ ಪಾಳಿ ನಂದ ಬರ್ಕೋ. ಆಕಿ ಕೂಡ ನಾ ಏನೂ ಮಾತಾಡೂದಿಲ್ಲ. ಸುಮ್ನ ಕುಂದರ್ತೀನಿ.”

ಹೋಗಿ ಬರುತ್ತೇನೆ.

ನಿಮ್ಮ ಮರಿಮಕ್ಕಳ ಮರಿಮಗಳು,
ಶಿವಗಂಗಾ