ತುಟಿ ನೋಡ್ರಿ

ಚಿದ್ರಿ, ಬೀದರ
ತಾ. ೧೪ ಮೇ ೧೯೮೭

ಮಾದೂನ ಅಪ್ಪಗ ಶಿವಕಾಂತಾ ಮಾಡುವ ಶರಣು ಶರಣಾರ್ಥಿ.

ಕಾಲು ಹ್ಯಾಂಗದರಿ? ಪ್ಲಾಸ್ಟರ್ ಬಿಚ್ಚಿದ್ರೇನು? ಪತ್ರ ತಡಾ ಆಯ್ತು, ಸಿಟ್ಟಾಗಬ್ಯಾಡ್ರಿ. ಸಿಟ್ಟು ಆಗೂದೇನು, ಆಗ್ಲೇ ಆಗೀರಿ. ಎಷ್ಟೋ ಸಲ ಬರೀಲಾಕ ಕುಂತ್ನಿ, ಹರದು ಒಲಿಗಿ ಹಾಕಿದ್ನಿ. ಏಳನೇತ್ತೆ ತನಕ ಸಾಲಿ ಕಲ್ತಾಕಿ ನಾ, ಅಕ್ಷರ ಬರ್ತಾವ, ಮಾತೇ ಬರವಲ್ದು. ನಿಮ್ಮ ಜೋಡಿ ಗೌಂಡಿ ಕೆಲಸ ಮಾಡೋ ಪಂಢರಿ ಊರಿಗಿ, ಭಾತಂಬ್ರಾಕ್ಕ ಬಂದಾನಲ್ಲ, ವಾಪಸ್ ಹೋಗಬೇಕಾದ್ರ ಅವನ ಕೈಯಾಗೇ ಇದನ್ನ ಕೊಡ್ತೀನಿ. ಅವನ ಕಡಿಂದ ಓದಿಸಬ್ಯಾಡ್ರಿ. ತಡಾ ಆದ್ರೂ ಅಡ್ಡಿಯಿಲ್ಲ, ಕೂಡಿಸಿ ಕೂಡಿಸಿ ನೀವೇ ಓದ್ರಿ.

ಇಲ್ಲಿ ನೀರಿಂದು ಹೋದ ವರ್ಷದಂಗೇ ಅದ. ಟ್ಯಾಂಕರ್ ಬಂದ ದಿನ ಜಗಳ, ಬರದ ದಿನ ಬೈಗಳ. ನಾ ಕೊಳಾರದ ಗೋದಾಮಿನ್ಯಾಗ ಕಾಳು ಹಸನ ಮಾಡ್ಲಾಕ ಹೋಗ್ತೇನಿ, ಅದಕ್ಕ ಬಾಜು ಮನಿ ಹಾಜಿರಾಬೀ ನನ್ನ ಕೊಡ ಭೀ ತುಂಬಿಸಿ ಇಡ್ತಾಳ. ಸಂಜಿಕಿ ಮನಿಗಿ ಬಂದ್ರ ಮಾದೂನ ಪಾಟಿಚೀಲ ಗೂಟಕ್ಕ ಜೋತುಬಿದ್ದದ. ಅದನ್ನ ನೋಡಕೋತ ರೊಟ್ಟಿ ಬಡೀತೀನಿ. ಒಬ್ಬಾಕಿಗಿ ಎಷ್ಟು ರೊಟ್ಟಿ ಬೇಕರಿ?

ನಿಮ್ಮವ್ವ ಬಂದು ಮಗಳನ್ನ ಔರಾದಿಗಿ ಕರಕೊಂಡು ಹೋಗಿ ತಿಂಗಳಾಯ್ತು. "ಪಂಢರಿ ಕೈಲಿ ನನ್ನ ಮಗ ಮಾತು ಕಳಸ್ಯಾನ. ಆಕಿ ಬಾಯಾಗ ನನ್ನ ಸಾವು ಬಂತು, ಮಗಳು ಆಕಿ ಹಂತೇಕ ಇರೂದು ಬ್ಯಾಡ ಅಂದಾನ" ಅಂದ್ರು. ಖರೇ ಹಂಗ ಅಂದೀರೇನು? ಅಂದಿದ್ರ ಈಗ ನನ್ನ ಮಾತು ಭೀ ಕೇಳ್ರಿ. ಪಿಚ್ಚರ್ ಪರದಾದ ಮ್ಯಾಲ ನೋಡೀರಿ, ಕತಿ ಮಂದಿ ಬಾಯಿಂದ ಕೇಳೀರಿ. ನನಗ ಒಬ್ಬಾಕಿಗೇ ಕೇಳಿಲ್ಲ.

ಹೋದ ಬ್ಯಾಸಿಗ್ಯಾಗ ನೀವು ಪುಣೆಕ್ಕ ಹೋದ ಮ್ಯಾಲ ಆ ಪಿಚ್ಚರಿನವರು ಬಂದ್ರು. ಕೊಳಾರದಾಗ ಖಾಲಿ ಬಿದ್ದಿದ್ದ ಒಂದು ಗೋದಾಮು ಹಿಡದು ಅದನ್ನೇ ಜೇಲು ಮಾಡಿದ್ರು. ಏನು ಜೇಲಂತೀರಿ! ಬಿದಿರಿನ ಗಳಕ್ಕ ಕರೀ ಬಣ್ಣ ಬಳದು ಸರಳು ಅಂದ್ರು, ಹಿಡಕೊಂಡ್ರ ಕೈಗೆಲ್ಲ ಕರಿ. ರಕ್ತ ಅಂದ್ರ ಎಣ್ಣ್ಯಾಗ ಕಲಸಿದ ಕುಂಕುಮ. ಬೆನ್ನು ಹತ್ತೋ ಪೊಲೀಸ್ ನಾಯಿ ಅಂದ್ರ ನಮ್ಮ ಓಣಿದೇ ನಾಯಿ, ಬಿಸ್ಕಿಟ್ ತೋರಿಸಿದ್ರಷ್ಟೇ ಓಡ್ತಿತ್ತು. ಕತಿ ಏನಂದ್ರ, ಏನೂ ತಪ್ಪು ಮಾಡದ ಹೆಣ್ಣುಮಗಳ ಮ್ಯಾಲ ಖೂನಿನ ಕೇಸ್ ಹಾಕಿ ಒಳಗ ತಳ್ತಾರ. ಜೇಲಿನವರು ಹೊಡೀತಾರ, ಸೀರಿ ಎಳೀತಾರ. ಆಕಿ ಗ್ವಾಡಿ ಜಿಗದು ಓಡಿಹೋಗಿ ಒಬ್ಬೊಬ್ಬರನ್ನ ಹುಡುಕಿ ಸೇಡು ತೀರಸ್ಕೋತಾಳ. ಇಷ್ಟೇ.

ಓಡೋದು ನಮ್ಮ ಭಾತಂಬ್ರಾದ ಕಡಿ ಹೊಲದಾಗ ತಗದ್ರು. ಮಳಿ ಇಲ್ಲದ್ದು ನಮಗ ಮಣ್ಣು ಕೊಡ್ತು, ಅವರಿಗಿ ಚಲೋ ಆಯ್ತು. ಬಿರಕು ಬಿಟ್ಟ ನೆಲ ನೋಡಿ ಕುಣದ್ರು. ಹೀರೋಯಿನ್ನಿಗಿ ಬರಿಗಾಲಿಲೆ ಓಡಲಾಕ ಆಗ್ಲಿಲ್ಲ, ಜೋಳದ ಕೂಳಿ ತುಳದು ಓಡಿದಾಕಿ ನಾ. ಹಿಂದಿನಿಂದ ತಗದಾರ, ಅದಕ್ಕ ನಿಮಗ ಗುರ್ತು ಹತ್ತಿಲ್ಲ. ಓಡಿದ್ದು ನಾ, ಹೆಸರು ಆಕಿದು. ಹೋಗ್ಲಿ ಬಿಡ್ರಿ.

ಜೇಲಿನ ಸೀನಿಗಿ ನನ್ನ, ಹಾಜಿರಾಬೀನ್ನ, ಇನ್ನೊಂದಿಷ್ಟು ಮಂದಿ ಹೆಣ್ಣುಮಕ್ಕಳನ್ನ ಕರದ್ರು. ಬಳಿ ತಗೀರಿ, ಕುಂಕುಮ ಅಳಸ್ರಿ, ತಾಳಿ ಬಿಚ್ಚ್ರಿ ಅಂದ್ರು. ತಾಳಿ ನಾ ಸೆರಗಿಗಿ ಗಂಟು ಹಾಕಿ ನಡದಾಗ ಸಿಗಿಸ್ಕೊಂಡ್ನಿ. ನನ್ನ ಮೈ ಬಿಟ್ಟು ಹೋಗಿಲ್ಲರಿ ಅದು, ಬೇಕಾದ್ರ ಹಾಜಿರಾಬೀಗಿ ಕೇಳ್ರಿ. ಡೈರೆಕ್ಟರ್ ಸಾಬ ನನ್ನ ಸರಳಿನ ಹಿಂದ ನಿಂದ್ರಿಸಿ, "ಅಳು, ಚೀರು" ಅಂದ. ಅಳು ಎಲ್ಲಿಂದ ಬರಬೇಕು, ಹಾಜಿರಾಬೀ ಮಾರಿ ನೋಡಿ ನಗು ಬಂತು. ಅವ ಸಿಟ್ಟಾಗಿ, "ಏನರೆ ನೆನಸ್ಕೊಂಡು ಕೂಗು, ಮಾತು ಯಾವುದಿದ್ರೂ ನಡೀತದ, ಆಮ್ಯಾಲ ನಾವು ಬ್ಯಾರೆ ಮಾತು ಹಚ್ತೀವಿ" ಅಂದ. ನೆನಸ್ಕೊಂಡ್ನಿ. ಕೂಗಿದ್ನಿ. ಏನು ಕೂಗಿದ್ನಿ ಅಂಬುದು ಕಡಿಗಿ ಧೈರ್ಯ ಬಂದ್ರ ಬರೀತೀನಿ. ನನ್ನ ಪಾತ್ರ ಗಂಡನ್ನ ಕೊಂದು ಬಂದಾಕಿದು ಅಂತ ನನಗ ಯಾರೂ ಹೇಳಿಲ್ಲರಿ. ದೇವರಾಣಿ ಹೇಳಿಲ್ಲ.

ನಿಮ್ಮವ್ವ ಮಾದೂನ್ನ ಒಯ್ದ ಮ್ಯಾಲ ನಾ ಹಾಜಿರಾಬೀ ಜೋಡಿ ಭಾಲ್ಕಿಗಿ ಹೋಗಿ ಆ ಪಿಚ್ಚರ್ ನೋಡಿದ್ನಿ. ಟಾಕೀಜಿನ ತುಂಬ ಗಂಡಸರು, ನಾವಿಬ್ಬರೇ ಹೆಂಗಸರು. ನನ್ನ ಮಾರಿ ಪರದಾ ತುಂಬ ಬಂತು. ಬಾಯಿ ನಂದು, ದನಿ ಯಾವಾಕಿದೋ ದಪ್ಪ ದನಿ. "ಮೈನೇ ಮಾರಾ! ಅಪನೇ ಮರದ್ ಕೋ ಮೈನೇ ಮಾರಾ!" ನನ್ನ ಗಂಡನ್ನ ನಾನೇ ಕೊಂದ್ನಿ ಅಂತ. ಮಂದಿ ಸೀಟಿ ಹೊಡದ್ರು. ಹಾಜಿರಾಬೀ ನನ್ನ ರಟ್ಟಿ ಹಿಡದು, "ಅಗೇ, ಯೇ ತೂ ಕಬ್ ಬೋಲೀ?" ಅಂದ್ಲು, ಇದನ್ನ ನೀ ಯಾವಾಗ ಅಂದಿ ಅಂತ. ನಾ ಸೆರಗು ಬಾಯಾಗ ತುರಕೊಂಡು ಕುಂತ್ನಿ.

ಪುಣೆದಾಗ ಇದನ್ನೇ ನೋಡಿ ಪಂಢರಿ, "ಅರೇ, ಇದು ನಮ್ಮ ವಹಿನಿ!" ಅಂತ ಒದರಿದ್ನಂತ. "ನಿನ್ನ ಹೆಂಡತಿ ನಿನ್ನ ಕೊಂದಾಳ, ನೀ ಇನ್ನಾ ಹ್ಯಾಂಗ ಜಿಂದಾ ಇದ್ದಿ?" ಅಂತ ಮಂದಿ ನಕ್ಕರಂತ. ನಿಮಗ ಎಷ್ಟು ಶರಮ್ ಆಗಿರಬೇಕು, ನನಗ ತಿಳೀತದ. ಅದೇ ವಾರ ನೀವು ಕಟ್ಟಡದ ಮ್ಯಾಲಿಂದ ಬಿದ್ರಿ, ನಿಮ್ಮವ್ವ ಎರಡಕ್ಕೂ ಗಂಟು ಹಾಕಿದ್ರು. ಅಲ್ಲರಿ, ಮದಿವ್ಯಾಗ ಒಡಪು ಕಟ್ಟಿ ಗಂಡನ ಹೆಸರು ಹೇಳು ಅಂದಾಗ ಭೀ ನಿಮ್ಮ ಹೆಸರು ನುಂಗಿದಾಕಿ ನಾ. ಇವತ್ತಿನ ತನಕ ನಿಮ್ಮ ಹೆಸರೇ ಬಾಯಿಂದ ತಗೀದಾಕಿ, ನಿಮ್ಮ ಸಾವು ತಗೀತೀನೇನು?

ಹೋದ ಐತಾರ ಔರಾದಿಗಿ ಹೋಗಿದ್ನಿ. ಅತ್ತಿ ಬಾಗಿಲ ತಗೀಲಿಲ್ಲ. "ಜೇಲಿನಾಕಿ ನನ್ನ ಹೊಸ್ತಿಲ ತುಳೀಬ್ಯಾಡ. ನನ್ನ ಮಗನ್ನ ಪೂರಾ ನುಂಗಲಾಕ ಬಂದೇನು?" ಅಂತ ಒಳಗಿಂದೇ ಚೀರಿದ್ರು. ಆಜುಬಾಜು ಮಂದಿ ಕೂಡಿದ್ರು. ಮಾದೂ ಕಿಡಕ್ಯಾಗ ನಿಂತಿದ್ಲು, ಸರಳು ಹಿಡಕೊಂಡು. ಅವು ಖರೇ ಕಬ್ಬಿಣದ ಸರಳರಿ. ಅಜ್ಜಿಗಿ ಕೇಳಿಸಬಾರದಂತ ಪೋರಿ ದನಿ ತಗೀಲಿಲ್ಲ, ಬರೇ ತುಟಿ ಆಡಸಿದ್ಲು. ನನಗ ತಿಳೀತು. "ಅವ್ವಾ, ಒಯ್ಯಿ" ಅಂದ್ಲು.

ಆ ಬಾಗಿಲ ಮುರದು, ಆಕೀನ್ನ ಬಗಲಾಗ ಹಾಕ್ಕೊಂಡು ಓಡಬೇಕಂತ ಜೀವ ಹಾರ್ತು. ಪಿಚ್ಚರಿನ ಹೀರೋಯಿನ್ ಓಡ್ತಾಳ, ಆಕಿಗಿ ಕಡಿಗಿ ಜಜ್ಜ ಸಾಬ ಕೈ ಮುಗೀತಾನ. ನಾ ಓಡಿದ್ರ ಮಗಳನ್ನ ಕದ್ದಾಳ ಅಂತ ಖರೇ ಪೊಲೀಸರು ಬರ್ತಾರ, ಖರೇ ಜೇಲಿಗಿ ಹಾಕ್ತಾರ. ಬಸ್ ಸ್ಟ್ಯಾಂಡಿನ ತನಕ ಹಿಂದ ನೋಡಕೋತ ಬಂದ್ನಿ. ಅಮಾಸಿ ಆದ ಮ್ಯಾಲ ಆಕೀನ್ನ ಸೋಲಾಪುರಕ್ಕ ನಿಮ್ಮಕ್ಕನ ಮನಿಗಿ ಕಾಯಂ ಕಳಸ್ತಾರಂತ. ಅಲ್ಲಿಗಿ ಹೋದ್ರ ನನಗ ಮಗಳು ಸಿಗಲ್ಲರಿ. ಕಾಲು ಹಿಡೀತೀನಿ, ನಿಮ್ಮವ್ವಗ ಎರಡು ಸಾಲು ಬರೀರಿ. ಮಾದೂನ್ನ ಆಕಿ ಅವ್ವನ ಹಂತೇಕ ಬಿಡು ಅಂತ, ಅಷ್ಟೇ. ನನ್ನ ಕೂಡ ಮಾತಾಡಬ್ಯಾಡ್ರಿ, ಮನಿಗಿ ಬರಬ್ಯಾಡ್ರಿ, ಆದ್ರ ಅಮಾಸಿಕಿಂತ ಮೊದಲ ಬರೀರಿ.

ಬಸವಣ್ಣ ನಿಮ್ಮ ಕಾಲಿಗಿ ಬಲ ಕೊಡ್ಲಿ. ನನ್ನ ಆಯುಷ್ಯ ಭೀ ನಿಮಗೇ ಹತ್ತಲಿ. ಹೊತ್ತಿಗಿ ಸರಿಯಾಗಿ ಉಣ್ರಿ, ಬರೇ ಚಾ ಕುಡದು ಮಲಗಬ್ಯಾಡ್ರಿ.

ನಿಮ್ಮ
ಶಿವಕಾಂತಾ

ತಾ.ಕ.: ಧೈರ್ಯ ಬಂತು, ಬರೀತೀನಿ. ನಾ ಕೂಗಿದ್ದು ನಮ್ಮ ಮಾಣಿಕನ್ನರಿ. ವಾಂತಿಭೇದಿ ಆಗಿ ಪೋರ ಹೋದಾಗ ನೀವು ಪುಣೆದಾಗ ಇದ್ರಿ, ಬರೋದ್ರಾಗ ಮಣ್ಣು ಮಾಡಿದ್ರು. ನೀವು ಅಳಲಿಲ್ಲ. "ಇನ್ನ ಈ ಮನ್ಯಾಗ ಅವನ ಹೆಸರು ತಗೀಬ್ಯಾಡ" ಅಂದ್ರಿ. ತಗೀಲಿಲ್ಲ. ಮಾದೂ ಸಣ್ಣಾಕಿ, ಆಕಿ ಭೀ ತಗೀಲಿಲ್ಲ. ಮನ್ಯಾಗ ಕೂಗಲಾಕ ಆಗದ್ದು ಆ ಸುಳ್ಳು ಜೇಲಿನ್ಯಾಗ ಕೂಗಿದ್ನಿ, ಗಂಟಲು ಹರಿಯಂಗ. ಮಾಣಿಕಾ, ಮಾಣಿಕಾ ಅಂತ. ತುಟಿಗಿ ಕೂಡ್ತದಂತ ಅವರು ಅದರ ಮ್ಯಾಲ "ಮೈನೇ ಮಾರಾ" ಹಚ್ಚಿದ್ರು. ಆ ಪಿಚ್ಚರ್ ಇನ್ನೊಮ್ಮಿ ಬಂದ್ರ ಕಿವಿ ಮುಚ್ಚಿಕೊಂಡು ನನ್ನ ತುಟಿ ನೋಡ್ರಿ. ಅವನದು ಒಂದು ಫೋಟೋ ಭೀ ಇಲ್ಲ ನಮ್ಮ ಹಂತೇಕ, ಅದೊಂದೇ ಅದ. ಟಾಕೀಜಿಗಿ ಹೋಗಲಾಕ ಕಾಲು ಬರದಿದ್ರ, ಮಲಗಿದಲ್ಲೇ ಒಮ್ಮಿ ಆ ಹೆಸರು ಅನ್ರಿ. ದನಿ ಬ್ಯಾಡ, ಬರೇ ತುಟಿಲೆ ಅಂದ್ರೂ ಸಾಕು.